ಬರಬಾರದ ಹಸಿರು ಬೆಳಕನ್ನು ಅಳೆಯುವುದು ಹೇಗೆ: ವಿಲೋಮ ಸಮಮಿತಿಯ ವಸ್ತುಗಳಲ್ಲಿ ದ್ವಿತೀಯ ಹಾರ್ಮೋನಿಕ್

ಕೊಡಗಿನ ಯಾವ ಕಾಫಿ ತೋಟದ ಗೋಡೌನಿಗೆ ಹೋದರೂ ಯೂರಿಯಾ ಚೀಲ ಮತ್ತು ಪೊಟ್ಯಾಷ್ ಚೀಲ ಒಂದರ ಪಕ್ಕದಲ್ಲೊಂದು ಕಾಣಸಿಗುತ್ತವೆ. ಎರಡರಿಂದಲೂ ಒಂದೊಂದು ಚಿಟಿಕೆ ತೆಗೆದು, ಶುದ್ಧಗೊಳಿಸಿ, ಪುಡಿ ಮಾಡಿ, ಗಾಜಿನ ಪಟ್ಟಿಗಳ ನಡುವೆ ತೆಳುವಾಗಿ ಹರಡಿ, 1064 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರ್ ಸ್ಪಂದಗಳನ್ನು ಹಾಯಿಸಿದರೆ, ಯೂರಿಯಾದಿಂದ 532 ನ್ಯಾನೊಮೀಟರಿನ ಹಸಿರು ಬೆಳಕು ಕತ್ತಲ ಕೋಣೆಯಲ್ಲಿ ಬರಿಗಣ್ಣಿಗೇ ಕಾಣುವಷ್ಟು ಹೊಮ್ಮುತ್ತದೆ. ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಕಪ್ಪಾಗಿಯೇ ಉಳಿಯುತ್ತದೆ. ಮೊದಲನೆಯದನ್ನು ಅಳೆಯುವ ಕ್ರಮ ಪ್ರಯೋಗಾಲಯದ ಎಲ್ಲ ಕೈಪಿಡಿಗಳಲ್ಲೂ ಇದೆ. ಈ ಬರಹ ಎರಡನೆಯ ಚೀಲದ ಜಾತಿಗೆ ಸೇರಿದ ವಸ್ತುಗಳಿಗೆ ಸಂಬಂಧಿಸಿದ್ದು: ಸಿದ್ಧಾಂತದ ಪ್ರಕಾರ ಹಸಿರು ಬರಲೇಬಾರದ ವಸ್ತುವಿನಲ್ಲಿ ಅದು ಬಂದಾಗ ಅದನ್ನು ಪಡೆಯುವುದು ಹೇಗೆ, ಪಡೆದದ್ದು ನಿಜವೇ ಎಂದು ಒರೆಗೆ ಹಚ್ಚುವುದು ಹೇಗೆ ಎಂಬುದನ್ನು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗಾಗಿ, ಮಡಿಕೇರಿಯ ಮಳೆ, ತೇವ ಮತ್ತು ಕರೆಂಟು ಹೋಗುವ ಪಾಡನ್ನು ಗಮನದಲ್ಲಿಟ್ಟು ಬರೆದಿದ್ದೇನೆ.

ಸೊನ್ನೆ ಎಲ್ಲಿಂದ ಬರುತ್ತದೆ

ಬೆಳಕಿನ ವಿದ್ಯುತ್ ಕ್ಷೇತ್ರ ವಸ್ತುವಿನೊಳಗೆ ಹಾಯುವಾಗ ಅಲ್ಲಿನ ಎಲೆಕ್ಟ್ರಾನುಗಳು ಅತ್ತಿತ್ತ ತೂಗುತ್ತವೆ. ಈ ತೂಗಾಟದಿಂದ ಉಂಟಾಗುವುದೇ ವಸ್ತುವಿನ ವಿದ್ಯುತ್ ಧ್ರುವೀಕರಣ. ಕ್ಷೇತ್ರ ದುರ್ಬಲವಾಗಿದ್ದಾಗ ಧ್ರುವೀಕರಣ ಅದಕ್ಕೆ ಸಮಪ್ರಮಾಣದಲ್ಲಿರುತ್ತದೆ. ಲೇಸರಿನಷ್ಟು ಪ್ರಬಲವಾದಾಗ ಕ್ಷೇತ್ರದ ವರ್ಗಕ್ಕೆ ಅನುಗುಣವಾದ ಇನ್ನೊಂದು ಪದವೂ ಸೇರಿಕೊಳ್ಳುತ್ತದೆ, ಇಮ್ಮಡಿ ಆವೃತ್ತಿಯ, ಅಂದರೆ ಅರ್ಧ ತರಂಗಾಂತರದ, ಬೆಳಕು ಹುಟ್ಟುವುದು ಆ ಪದದಿಂದ. ಇದನ್ನೇ ದ್ವಿತೀಯ ಹಾರ್ಮೋನಿಕ್ ಎನ್ನುತ್ತೇವೆ. 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694.3 ನ್ಯಾನೊಮೀಟರ್ ಬೆಳಕನ್ನು ಕ್ವಾರ್ಟ್ಸ್ ಸ್ಫಟಿಕದೊಳಗೆ ಹಾಯಿಸಿ, ಅದರ ಅರ್ಧ ತರಂಗಾಂತರದ ಅತಿನೇರಳೆ ಬೆಳಕನ್ನು ಛಾಯಾಫಲಕದ ಮೇಲೆ ಪಡೆದರು. ಆ ಚುಕ್ಕೆ ಎಷ್ಟು ಸಣ್ಣದಿತ್ತೆಂದರೆ, ಅಚ್ಚಾದ ಪತ್ರಿಕೆಯಲ್ಲಿ ಅದನ್ನು ಕೊಳೆಯೆಂದು ತಿಳಿದು ಅಳಿಸಿಬಿಟ್ಟಿದ್ದರಂತೆ. ಈ ಅಧ್ಯಯನ ಹುಟ್ಟಿದ್ದೇ ಚುಕ್ಕೆ ಯಾವುದು, ಕೊಳೆ ಯಾವುದು ಎಂಬ ಗೊಂದಲದೊಂದಿಗೆ. ನಾವು ಕೈಹಾಕಲಿರುವ ಕೆಲಸದಲ್ಲಿ ಆ ಗೊಂದಲ ಇನ್ನೂ ಹೆಚ್ಚು.

ವಸ್ತುವಿನ ಪ್ರತಿಯೊಂದು ಬಿಂದುವನ್ನೂ ಒಂದು ಕೇಂದ್ರದ ಮೂಲಕ ಎದುರು ಬದಿಗೆ ಅಷ್ಟೇ ದೂರಕ್ಕೆ ಸರಿಸಿದರೂ ವಸ್ತು ಮೊದಲಿನಂತೆಯೇ ಇದ್ದರೆ ಅದಕ್ಕೆ ವಿಲೋಮ ಸಮಮಿತಿ ಇದೆ ಎನ್ನುತ್ತೇವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಬಾರಿಸುವ ದುಡಿಯನ್ನು ನೆನೆಯಿರಿ. ನಡು ಸಣ್ಣಗಿದ್ದು ಎರಡೂ ಬದಿಗೆ ಚರ್ಮ ಬಿಗಿದ ದುಡಿಯನ್ನು ತಿರುವಿ ಹಿಡಿದರೂ ಅದೇ ದುಡಿ. ಕೊಂಬನ್ನು ತಿರುವಿ ಹಿಡಿದರೆ ಊದುವ ತುದಿ ಇದ್ದಲ್ಲಿಗೆ ಅಗಲ ಬಾಯಿ ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪು, ಕ್ಯಾಲ್ಸೈಟ್, ಸಿಲಿಕಾನ್ ಇವೆಲ್ಲ ದುಡಿಯ ಜಾತಿ. ಯೂರಿಯಾ, ಸಕ್ಕರೆ, ಕ್ವಾರ್ಟ್ಸ್ ಕೊಂಬಿನ ಜಾತಿ. ಗಾಜಿನಲ್ಲಿ ಪರಮಾಣುಗಳ ಜೋಡಣೆಗೆ ಕ್ರಮವೇ ಇಲ್ಲವಾದರೂ ಸರಾಸರಿಯಲ್ಲಿ ಅದಕ್ಕೆ ಯಾವ ದಿಕ್ಕೂ ವಿಶೇಷವಲ್ಲ, ಆದ್ದರಿಂದ ಅದೂ ದುಡಿಯ ಸಾಲಿಗೇ ಸೇರುತ್ತದೆ.

ದುಡಿಯ ಜಾತಿಯ ವಸ್ತುವಿನಲ್ಲಿ ಕ್ಷೇತ್ರದ ದಿಕ್ಕನ್ನು ತಿರುಗಿಸಿದರೆ ಧ್ರುವೀಕರಣದ ದಿಕ್ಕೂ ತಿರುಗಬೇಕು, ಏಕೆಂದರೆ ವಸ್ತುವಿಗೆ ಎಡ ಬಲಗಳ ಭೇದವಿಲ್ಲ. ಆದರೆ ಕ್ಷೇತ್ರದ ವರ್ಗಕ್ಕೆ ಚಿಹ್ನೆ ಬದಲಾಗುವುದಿಲ್ಲ. ಹೀಗಾಗಿ ವರ್ಗದ ಪದ ತನ್ನದೇ ಋಣಕ್ಕೆ ಸಮನಾಗಬೇಕಾಗುತ್ತದೆ, ಅಂಥ ರಾಶಿ ಸೊನ್ನೆಯೊಂದೇ.

ಈ ವಾದ ಚೊಕ್ಕವಾಗಿದೆ, ಆದರೆ ಅದರೊಳಗೆ ಮೂರು ಊಹೆಗಳು ಬಾಯಿಬಿಡದೆ ಕುಳಿತಿವೆ: ವಸ್ತುವಿಗೆ ಅಂಚೇ ಇಲ್ಲ, ಬೆಳಕಿನ ಕ್ಷೇತ್ರ ಪರಮಾಣುವಿನ ಉದ್ದಗಲಕ್ಕೂ ಒಂದೇ ಸಮನಾಗಿದೆ, ಬೆಳಕಿನದಲ್ಲದೆ ಬೇರೆ ಯಾವ ಕ್ಷೇತ್ರವೂ ಅಲ್ಲಿಲ್ಲ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹಸಿರು ಬೆಳಕಿಗೆ ದಾರಿ ಸಿಗುತ್ತದೆ. ಮೇಲ್ಮೈಯಲ್ಲಿ ಒಂದು ಬದಿ ವಸ್ತು, ಇನ್ನೊಂದು ಬದಿ ಗಾಳಿ ಇರುವುದರಿಂದ ಅಲ್ಲಿನ ಕೆಲವೇ ಪರಮಾಣು ಪದರಗಳು ಕೊಂಬಿನ ಜಾತಿಗೆ ಸೇರಿಬಿಡುತ್ತವೆ. ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ವಿದ್ಯುತ್ ಚತುರ್ಧ್ರುವ ಮತ್ತು ಕಾಂತೀಯ ದ್ವಿಧ್ರುವ ಕೊಡುಗೆಗಳು ಒಳಗಿನಿಂದಲೇ ಬರುತ್ತವೆ, ಬಹಳ ಕ್ಷೀಣವಾಗಿ. ಹೊರಗಿನಿಂದ ಸ್ಥಿರ ವಿದ್ಯುತ್ ಕ್ಷೇತ್ರ ಹಾಕಿದರೆ ತೃತೀಯ ಶ್ರೇಣಿಯ (ಕ್ಷೇತ್ರದ ಘನಕ್ಕೆ ಅನುಗುಣವಾದ) ಗುಣ ಆ ಕ್ಷೇತ್ರದೊಂದಿಗೆ ಕೂಡಿ ದ್ವಿತೀಯ ಶ್ರೇಣಿಯದರಂತೆ ವರ್ತಿಸುತ್ತದೆ. 1962ರಲ್ಲಿ ಟೆರ್ಹೂನ್, ಮೇಕರ್ ಮತ್ತು ಸಾವೇಜ್ ಕ್ಯಾಲ್ಸೈಟಿನ ಮೇಲೆ ಮಾಡಿದ ಪ್ರಯೋಗದಲ್ಲಿ ಈ ಮೂರನೆಯ ದಾರಿ ಸ್ಪಷ್ಟವಾಗಿ ತೆರೆದುಕೊಂಡಿತು. ಸ್ಥಿರ ಕ್ಷೇತ್ರ ತೆಗೆದ ಮೇಲೂ ಅಲ್ಲಿ ಉಳಿದ ಮಂಕು ಬೆಳಕು ಎರಡನೆಯ ದಾರಿಯದಾಗಿತ್ತು. 1968ರಲ್ಲಿ ಬ್ಲೂಂಬರ್ಗನ್, ಚಾಂಗ್, ಲೀ ಅವರೊಂದಿಗೆ ಭಾರತದ ಸುಧಾಂಶು ಝಾ ಸೇರಿ, ವಿಲೋಮ ಸಮಮಿತಿಯ ಮಾಧ್ಯಮಗಳಿಂದ ಪ್ರತಿಫಲಿಸಿ ಬರುವ ದ್ವಿತೀಯ ಹಾರ್ಮೋನಿಕ್ ಕುರಿತ ವಿವರವಾದ ಪ್ರಬಂಧ ಪ್ರಕಟಿಸಿದರು.

ಉಪಕರಣಗಳ ಸಾಲು

ಲೇಸರ್ ಬೇಕಾದದ್ದು ಕ್ಯೂ-ಸ್ವಿಚ್ ಮಾಡಿದ (ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಬಿಡುವ), ನಿಯೊಡಿಮಿಯಂ ಬೆರೆತ ಹರಳಿನ ಎನ್‌ಡಿ-ಯಾಗ್, ಸುಮಾರು 10 ನ್ಯಾನೊಸೆಕೆಂಡಿನ ಸ್ಪಂದ, ಸೆಕೆಂಡಿಗೆ 10 ಸ್ಪಂದ. ಫೆಮ್ಟೊಸೆಕೆಂಡ್ ಲೇಸರ್ ಸಿಕ್ಕಿದರೆ ಮೇಲ್ಮೈ ಪ್ರಯೋಗ ಎಷ್ಟೋ ಸುಲಭವಾಗುತ್ತದೆ, ಆದರೆ ಅದು ನಮ್ಮಂಥ ಊರಿನ ಕಾಲೇಜಿಗೆ ಎಟುಕುವ ವಸ್ತುವಲ್ಲ. 1064ರ ಕಿರಣ ಕಣ್ಣಿಗೆ ಕಾಣದಿರುವುದೇ ಅದರ ಅಪಾಯ; 1064 ಮತ್ತು 532 ಎರಡಕ್ಕೂ ತಡೆಯಿದೆ ಎಂದು ನಮೂದಿಸಿರುವ ಕನ್ನಡಕ ಹಾಕದೆ ಯಾರೂ ಕೋಣೆಯೊಳಗೆ ಕಾಲಿಡಬಾರದು, ಬಳೆ, ಉಂಗುರ, ಕೈಗಡಿಯಾರ ಹೊರಗೇ ಇರಬೇಕು, ಕಿರಣದ ಎತ್ತರ ಕುಳಿತವರ ಕಣ್ಣಿನ ಮಟ್ಟಕ್ಕೆ ಬರಬಾರದು.

ಲೇಸರಿನಿಂದ ಹೊರಟ ಕಿರಣ ಮೊದಲು ಅರ್ಧ ತರಂಗ ಫಲಕ (ಬೆಳಕಿನ ಕ್ಷೇತ್ರ ತೂಗುವ ದಿಕ್ಕನ್ನು, ಅಂದರೆ ಧ್ರುವತೆಯನ್ನು, ತಿರುಗಿಸುವಂಥದು) ಮತ್ತು ಧ್ರುವಕವನ್ನು (ಒಂದೇ ಧ್ರುವತೆಯ ಬೆಳಕನ್ನು ಬಿಡುವಂಥದು) ದಾಟಬೇಕು. ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವುದು ಈ ಜೋಡಿಯಿಂದ. ನಂತರ ಮಸೂರ. ಮಾದರಿಗೆ ಹತ್ತಿರದಲ್ಲಿ, ಆದರೆ ಕಿರಣ ಇನ್ನೂ ಅಗಲವಾಗಿರುವ ಜಾಗದಲ್ಲಿ, ಆರ್‌ಜಿ 850 ಎಂಬ ಕಪ್ಪು ಗಾಜಿನ ಫಿಲ್ಟರ್ ನಿಲ್ಲಿಸಿ. ಲೇಸರಿನ ಫ್ಲಾಷ್ ದೀಪದ ಬೆಳಕು, ದಾರಿಯ ಕನ್ನಡಿ ಮಸೂರಗಳ ಮೇಲ್ಮೈಯಲ್ಲೇ ಹುಟ್ಟಿದ ಹಸಿರು, ಇವೆಲ್ಲ ಮಾದರಿಯನ್ನು ತಲುಪದಂತೆ ತಡೆಯುವ ಕಾವಲುಗಾರ ಇದೇ. ಇದನ್ನು ಬಿಟ್ಟು ಮಾಡಿದ ಯಾವ ಅಳತೆಯನ್ನೂ ನಾನು ಒಪ್ಪುವುದಿಲ್ಲ.

ಮಾದರಿಯ ಆಚೆಗೆ ಕೆಲಸ ತಿರುಗುಮುರುಗು: ಅವಕೆಂಪನ್ನು ತಡೆದು ಹಸಿರನ್ನು ಮಾತ್ರ ಬಿಡಬೇಕು. ಇದಕ್ಕೆ ದುಬಾರಿ ಗಾಜೇ ಬೇಕೆಂದಿಲ್ಲ. ಮಳೆಗಾಲಕ್ಕೆ ಮುನ್ನ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ (ರೋಗ ತಡೆಯುವ, ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಹೊಡೆಯಲು ತರುವ ಮೈಲುತುತ್ತವನ್ನು, ಸುಣ್ಣ ಸೇರಿಸದೆ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಕದಡದಂತೆ ಎರಡು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ, ಸೋಸಿ, ಚಪ್ಪಟೆ ಗಾಜಿನ ಕೋಶದಲ್ಲಿ ತುಂಬಿದರೆ ಅದು 1064ನ್ನು ಚೆನ್ನಾಗಿ ಹೀರಿಕೊಂಡು 532ನ್ನು ಬಿಟ್ಟುಕೊಡುತ್ತದೆ. ಪುಡಿ ಮಾದರಿಗಳ ಪ್ರಯೋಗದಲ್ಲಿ ಇದು ಬಹಳ ಹಿಂದಿನಿಂದ ಬಳಕೆಯಲ್ಲಿರುವ ಉಪಾಯ. ಅದರ ಹಿಂದೆ 532ರ ಕಿರುಪಟ್ಟಿ ಫಿಲ್ಟರ್, ಇನ್ನೊಂದು ಧ್ರುವಕ, ಕೊನೆಗೆ ಅತಿ ಮಂಕು ಬೆಳಕನ್ನೂ ವಿದ್ಯುತ್ ಸಿಗ್ನಲ್ಲಾಗಿ ಹಿಗ್ಗಿಸುವ ಫೋಟೊಮಲ್ಟಿಪ್ಲೈಯರ್ ಟ್ಯೂಬ್. ಬೈ-ಆಲ್ಕಲಿ ಜಾತಿಯ ಟ್ಯೂಬ್ ಆರಿಸಿಕೊಂಡರೆ ಅದಕ್ಕೆ ಅವಕೆಂಪು ತಾನಾಗಿಯೇ ಕಾಣುವುದಿಲ್ಲ, ಅರ್ಧ ಚಿಂತೆ ಅಲ್ಲಿಗೇ ಕಳೆಯಿತು.

ಮೊದಲು ಸೊನ್ನೆ

ಮಾದರಿ ಇಡುವ ಮೊದಲು ಖಾಲಿ ಹಿಡಿಕೆಯ ಮೇಲೆ ಪೂರ್ಣ ಶಕ್ತಿಯಲ್ಲಿ ಕನಿಷ್ಠ 1,000 ಸ್ಪಂದಗಳ ಸರಾಸರಿ ತೆಗೆಯಿರಿ. 10 ಮಿಲಿಜೌಲಿನ ಒಂದು ಸ್ಪಂದದಲ್ಲಿ ಸುಮಾರು 5×10¹⁶ ಫೋಟಾನುಗಳಿರುತ್ತವೆ, ಗಾಜಿನ ಮೇಲ್ಮೈಯಿಂದ ನಾವು ನಿರೀಕ್ಷಿಸುವುದು ಕೈಬೆರಳಲ್ಲಿ ಎಣಿಸುವಷ್ಟು ಫೋಟಾನು ಎಂಬ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ, ಖಾಲಿ ಅಳತೆಗೆ ಇಷ್ಟು ಹೊತ್ತು ಏಕೆ ಎಂದು ಯಾರೂ ಕೇಳುವುದಿಲ್ಲ.

ಆಮೇಲೆ ಯೂರಿಯಾ ಇಟ್ಟು ಇಡೀ ಸಾಲು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಅಂಗಡಿಯ ಯೂರಿಯಾವನ್ನು ಹಾಗೆಯೇ ಬಳಸಬೇಡಿ. 2015ರಿಂದ ದೇಶದಲ್ಲಿ ಸಿಗುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ, ಎಣ್ಣೆ ತನ್ನದೇ ಬೆಳಕು ಬೀರಿ ಅಳತೆ ಕೆಡಿಸಬಹುದು. ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ, ಸೋಸಿ, ತಣಿಸಿ ಮತ್ತೆ ಹರಳು ಮಾಡಿಕೊಳ್ಳಿ. ಕೆಂಪು ಪೊಟ್ಯಾಷಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಅದು ಕಿರಣವನ್ನು ಹೀರಿ ಕಾಯುತ್ತದೆ; ಪ್ರಯೋಗಾಲಯದ ಬಿಳಿ ಪೊಟ್ಯಾಸಿಯಂ ಕ್ಲೋರೈಡೇ ಒಳ್ಳೆಯದು.

ಬಂದ ಬೆಳಕು ದ್ವಿತೀಯ ಹಾರ್ಮೋನಿಕ್ ಹೌದೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಎಲ್ಲರಿಗೂ ಗೊತ್ತು. ಶಕ್ತಿಯನ್ನು 10 ಮಿಲಿಜೌಲಿನಿಂದ 14ಕ್ಕೆ, 14ರಿಂದ 20ಕ್ಕೆ ಏರಿಸಿದಾಗ ಸಿಗ್ನಲ್ ಪ್ರತಿ ಸಲವೂ ಸುಮಾರು ಇಮ್ಮಡಿಯಾಗಬೇಕು, ಅಂದರೆ ವರ್ಗದ ನಿಯಮ ಪಾಲಿಸಬೇಕು. 532ರ ಫಿಲ್ಟರಿನ ಬದಲು 550ರ ಅಥವಾ 515ರ ಆಸುಪಾಸಿನ ಫಿಲ್ಟರ್ ಹಾಕಿದರೆ ಸಿಗ್ನಲ್ ಮಾಯವಾಗಬೇಕು. ಮಾಯವಾಗದಿದ್ದರೆ ಅದು ಎರಡು ಫೋಟಾನು ಹೀರಿ ಹೊಮ್ಮುವ ದೀಪ್ತಿ. ಮಳೆಗಾಲದಲ್ಲಿ ನಮ್ಮ ಮಸೂರಗಳ ಮೇಲೆ ಬೆಳೆಯುವ ಬೂಷ್ಟು, ಒರೆಸುವ ಬಟ್ಟೆಯ ನಾರು, ಬೆರಳ ಗುರುತು ಎಲ್ಲವೂ ಇಂಥ ದೀಪ್ತಿ ಕೊಡಬಲ್ಲವು.

ಈ ಎರಡೂ ಪರೀಕ್ಷೆ ದಾಟಿದರೂ ಮೋಸ ಹೋಗಬಹುದು ಎಂಬುದನ್ನು ನಾನು ಕಲಿತದ್ದು ಒಂದು ಜುಲೈ ತಿಂಗಳಲ್ಲಿ. ಪೊಟ್ಯಾಸಿಯಂ ಕ್ಲೋರೈಡಿನ ಪುಡಿಯಿಂದ ಮಂಕಾಗಿ, ಆದರೆ ಖಚಿತವಾಗಿ, 532ರ ಸಿಗ್ನಲ್ ಬರುತ್ತಿತ್ತು. ವರ್ಗದ ನಿಯಮ ಸರಿಯಾಗಿತ್ತು, ಫಿಲ್ಟರ್ ಬದಲಿಸಿದರೆ ಮಾಯವಾಗುತ್ತಿತ್ತು. ನಾನೂ ಇಬ್ಬರು ವಿದ್ಯಾರ್ಥಿಗಳೂ ಎರಡು ದಿನ ಚತುರ್ಧ್ರುವದ ಲೆಕ್ಕ ಹಾಕುತ್ತ ಕುಳಿತೆವು. ಮೂರನೆಯ ದಿನ ಅವರಲ್ಲೊಬ್ಬಳು, «ಸರ್, ಯೂರಿಯಾ ಅರೆದದ್ದೂ ಇದೇ ಖಲಬತ್ತಿನಲ್ಲಿ ಅಲ್ಲವೇ?» ಎಂದು ಕೇಳಿದಳು. ಪುಡಿಯನ್ನು ಆಲ್ಕೋಹಾಲಿನಲ್ಲಿ ತೊಳೆದೆವು; ಯೂರಿಯಾ ಅದರಲ್ಲಿ ಕರಗುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ಕರಗುವುದು ತೀರ ಅತ್ಯಲ್ಪ. ಒಣಗಿಸಿ ಇಟ್ಟಾಗ ಸಿಗ್ನಲ್ ಇರಲಿಲ್ಲ. ನಾವು ಅಳೆದದ್ದು ನಿಜವಾದ ದ್ವಿತೀಯ ಹಾರ್ಮೋನಿಕ್ಕೇ ಆಗಿತ್ತು, ವಸ್ತು ಮಾತ್ರ ಬೇರೆ. ಅಂದಿನಿಂದ ದುಡಿಯ ಜಾತಿಯ ಮಾದರಿಗಳಿಗೆ ಬೇರೆ ಖಲಬತ್ತು, ಬೇರೆ ಚಿಮುಟ. ಅಳತೆಯ ಕ್ರಮದಲ್ಲೂ ಅವು ಮೊದಲು, ಯೂರಿಯಾ ಎಲ್ಲಕ್ಕಿಂತ ಕೊನೆಗೆ. ಸಾಲು ಸರಿಯಿದೆಯೇ ಎಂದು ಆರಂಭದಲ್ಲಿ ನೋಡಲು ಗಾಜುಗಳ ನಡುವೆ ಅಂಚು ಮುಚ್ಚಿ ಭದ್ರಪಡಿಸಿದ ಯೂರಿಯಾ ಮಾದರಿಯೊಂದನ್ನು ಶಾಶ್ವತವಾಗಿ ಇಟ್ಟುಕೊಂಡಿದ್ದೇವೆ. ಸಕ್ಕರೆಯೂ ಕೊಂಬಿನ ಜಾತಿಯೇ ಆದ್ದರಿಂದ ಕಾಫಿ ಲೋಟಕ್ಕೆ ಆ ಕೋಣೆಯಲ್ಲಿ ಜಾಗವಿಲ್ಲ, ಬೆಲ್ಲದ ಕಾಫಿಗೂ ಇಲ್ಲ.

ಮೇಲ್ಮೈಯ ದಾರಿ

ನುಣುಪಾದ ಫ್ಯೂಸ್ಡ್ ಸಿಲಿಕಾ (ಬರಿ ಸಿಲಿಕಾದ ಗಾಜು) ಅಥವಾ ಸಿಲಿಕಾನ್ ಬಿಲ್ಲೆಯನ್ನು ಕಿರಣಕ್ಕೆ 45ರಿಂದ 60 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪ್ರತಿಫಲಿತ ದಿಕ್ಕಿನಲ್ಲಿ ಅಳೆಯಬೇಕು. ಗಾಜಿನಂಥ ಸಮರೂಪಿ ಮೇಲ್ಮೈಗೆ ಕಿರಣ ನೇರವಾಗಿ ಬಿದ್ದರೆ ಸಿಗ್ನಲ್ ಸೊನ್ನೆ, ಏಕೆಂದರೆ ಮೇಲ್ಮೈಯ ಸಮತಲದಲ್ಲಿ ಯಾವ ದಿಕ್ಕಿಗೂ ಪಕ್ಷಪಾತವಿಲ್ಲ. ಒಳಬರುವ ಬೆಳಕನ್ನು ಪಿ ಧ್ರುವತೆಯಲ್ಲಿ (ಒಳಬರುವ ಮತ್ತು ಪ್ರತಿಫಲಿತ ಕಿರಣಗಳ ಸಮತಲದಲ್ಲೇ ತೂಗುವಂತೆ) ಇಟ್ಟು ಹೊರಬರುವುದನ್ನೂ ಪಿ ಧ್ರುವತೆಯಲ್ಲಿ ನೋಡಿದಾಗ ಸಾಮಾನ್ಯವಾಗಿ ಸಿಗ್ನಲ್ ಹೆಚ್ಚು. ಗಾಜಿನಂಥ ಮೇಲ್ಮೈಯಲ್ಲಿ ಹೊರಗಿನ ಧ್ರುವಕವನ್ನು ಎಸ್ ದಿಕ್ಕಿಗೆ (ಆ ಸಮತಲಕ್ಕೆ ಲಂಬವಾಗಿ) ತಿರುಗಿಸಿದರೆ, ಒಳಬರುವುದು ಶುದ್ಧ ಪಿ ಆಗಿರಲಿ ಶುದ್ಧ ಎಸ್ ಆಗಿರಲಿ, ಸಿಗ್ನಲ್ ನಿಲ್ಲಬೇಕು; ಒಳಬರುವ ಧ್ರುವತೆಯನ್ನು ನಡುವಿನ 45 ಡಿಗ್ರಿಗೆ ತಂದಾಗ ಮಾತ್ರ ಎಸ್ ಬೆಳಕು ಕಾಣಿಸಿಕೊಳ್ಳಬೇಕು. ಧೂಳಿನ ಕಣಕ್ಕೆ ಈ ನಿಯಮ ಗೊತ್ತಿಲ್ಲ. ಆದ್ದರಿಂದ ಮೇಲ್ಮೈ ಸಿಗ್ನಲ್ಲನ್ನು ಕೊಳೆಯಿಂದ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಜರಡಿ ನನಗೆ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಸಮರೂಪಿ ವಸ್ತುವಿನ ಒಳಗಿನಿಂದ ಬರುವ ಚತುರ್ಧ್ರುವ ಕೊಡುಗೆಯಲ್ಲಿ ಒಂದು ಪದ ಹೊರಗಿನಿಂದ ನೋಡುವವರಿಗೆ ಮೇಲ್ಮೈಯ ಪದದಂತೆಯೇ ಕಾಣುತ್ತದೆ, ಕೋನ ಬದಲಿಸಿಯಾಗಲಿ ಧ್ರುವತೆ ಬದಲಿಸಿಯಾಗಲಿ ಅವೆರಡನ್ನು ಬಿಡಿಸಲಾಗುವುದಿಲ್ಲ. ಆದ್ದರಿಂದ ವರದಿಯಲ್ಲಿ «ಮೇಲ್ಮೈಯ ಗುಣಾಂಕ» ಎಂದು ಬರೆಯದೆ «ಪರಿಣಾಮಕಾರಿ ಮೇಲ್ಮೈ ಗುಣಾಂಕ» ಎಂದೇ ಬರೆಯಿರಿ. ಮೇಲ್ಮೈಯ ಮೇಲೆ ಏನಾದರೂ ಅಂಟಿಸಿದಾಗ ಸಿಗ್ನಲ್ ಎಷ್ಟು ಬದಲಾಯಿತು ಎಂಬ ಪ್ರಶ್ನೆಗೆ ಮಾತ್ರ ನೇರ ಉತ್ತರ ಸಿಗುತ್ತದೆ. ಅಂಟುವವರಲ್ಲಿ ನಮ್ಮ ಊರಿನ ತೇವವೇ ಮೊದಲಿಗ: ಸಿಲಿಕಾ ನೀರಿನ ಪದರವನ್ನು ಮೈಗೆ ಹೊದ್ದುಕೊಳ್ಳುತ್ತದೆ. ಈ ಭಾಗವನ್ನು ಜನವರಿಯಿಂದ ಮಾರ್ಚಿನೊಳಗೆ ಮುಗಿಸಿ, ಇಲ್ಲವೇ ಮಾದರಿಯ ಮೇಲೆ ಒಣ ನೈಟ್ರೋಜನ್ ಹಾಯಿಸುತ್ತಿರಿ.

ಗಾಜಿನೊಳಗೆ ಕ್ಷೇತ್ರವನ್ನು ಹೂತಿಡುವುದು

ಪ್ರಾಜೆಕ್ಟಿಗೆ ನಾನು ಶಿಫಾರಸು ಮಾಡುವ ದಾರಿ ಇದು, ಏಕೆಂದರೆ ಸಿಗ್ನಲ್ ಕೈಗೆ ಸಿಗುವಷ್ಟು ದೊಡ್ಡದು ಮತ್ತು ಬೇಕೆಂದಾಗ ಅಳಿಸಿ ಸಾಬೀತು ಮಾಡಬಹುದು. ಗಾಜು ತನ್ನ ಸಮಮಿತಿಯನ್ನು ಮುರಿದುಕೊಳ್ಳಬಲ್ಲದು ಎಂಬ ಅಚ್ಚರಿ ಮೊದಲು ಕಂಡದ್ದು 1986ರಲ್ಲಿ: ಓಸ್ಟರ್‌ಬರ್ಗ್ ಮತ್ತು ಮಾರ್ಗುಲಿಸ್ ಸಿಲಿಕಾ ತಂತುವಿನೊಳಗೆ 1064ರ ಬೆಳಕನ್ನು ಗಂಟೆಗಟ್ಟಲೆ ಹಾಯಿಸುತ್ತಿದ್ದಾಗ ಹಸಿರು ತಾನಾಗಿಯೇ ಬೆಳೆಯುತ್ತ ಹೋಯಿತು. 1991ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮೈಯರ್ಸ್, ಮುಖರ್ಜಿ ಮತ್ತು ಬ್ರೂಕ್ ಇದನ್ನು ಹತೋಟಿಯಲ್ಲಿ ಮಾಡುವ ವಿಧಾನ ತೋರಿಸಿದರು. ಗಾಜನ್ನು ಕಾಯಿಸಿ, ಹಲವು ಕಿಲೊವೋಲ್ಟ್ ಹಾಕಿ, ವೋಲ್ಟೇಜ್ ಇರುವಂತೆಯೇ ತಣಿಸುವುದು ಅದರ ಸಾರ. ಬಿಸಿಯಲ್ಲಿ ಸೋಡಿಯಂ ಅಯಾನುಗಳು ಧನಾಗ್ರದಿಂದ ದೂರ ಸರಿಯುತ್ತವೆ, ಧನಾಗ್ರದ ಕೆಳಗಿನ ಸುಮಾರು 10 ಮೈಕ್ರೊಮೀಟರಿನ ಪದರ ಋಣ ವಿದ್ಯುದಂಶದೊಂದಿಗೆ ಖಾಲಿ ಉಳಿಯುತ್ತದೆ, ತಣಿದ ಮೇಲೆ ಅಯಾನುಗಳು ಇದ್ದಲ್ಲೇ ಸಿಕ್ಕಿಕೊಂಡು ಪ್ರಬಲವಾದ ಸ್ಥಿರ ಕ್ಷೇತ್ರವೊಂದು ಗಾಜಿನೊಳಗೇ ಹೂತುಹೋಗುತ್ತದೆ. ಮೇಲೆ ಹೇಳಿದ ಮೂರನೆಯ ದಾರಿಯೇ ಇದು, ಕ್ಷೇತ್ರ ಹೊರಗಿನಿಂದಲ್ಲ ಒಳಗಿನಿಂದ ಬರುತ್ತದೆ ಅಷ್ಟೆ.

ಅತಿ ಶುದ್ಧವಾದ ಸಂಶ್ಲೇಷಿತ ಸಿಲಿಕಾ ಬೇಡ. ನೈಸರ್ಗಿಕ ಕ್ವಾರ್ಟ್ಸನ್ನು ಕರಗಿಸಿ ಮಾಡಿದ, ದಶಲಕ್ಷಕ್ಕೆ ಕೆಲವು ಭಾಗ ಸೋಡಿಯಂ ಇರುವ ಜಾತಿ ಬೇಕು. 1 ಮಿಲಿಮೀಟರ್ ದಪ್ಪದ ತುಂಡನ್ನು ತೊಳೆದು ಒಣಗಿಸಿ, ಎರಡು ವಿದ್ಯುದಗ್ರಗಳ ನಡುವೆ ಒತ್ತಿ ಕೂರಿಸಿ. ವಿದ್ಯುದಗ್ರಗಳು ಗಾಜಿನ ಅಂಚಿನಿಂದ ಸಾಕಷ್ಟು ಒಳಗಿರಬೇಕು, ಇಲ್ಲವಾದರೆ ಕಿಡಿ ಗಾಳಿಯಲ್ಲೇ ಅಂಚು ಸುತ್ತಿ ಹಾರುತ್ತದೆ. 280 ಡಿಗ್ರಿ ಸೆಲ್ಸಿಯಸಿಗೆ ಕಾಯಿಸಿ, ಉಷ್ಣತೆ ನೆಲೆಗೊಂಡ ಮೇಲೆ ವೋಲ್ಟೇಜನ್ನು ನಿಧಾನವಾಗಿ 4 ಕಿಲೊವೋಲ್ಟಿಗೆ ಏರಿಸಿ, ಮುಕ್ಕಾಲು ಗಂಟೆ ಬಿಟ್ಟು, ಕುಲುಮೆ ಆರಿಸಿ. ಕೋಣೆಯ ಉಷ್ಣತೆಗೆ ಇಳಿಯುವವರೆಗೆ ವೋಲ್ಟೇಜನ್ನು ಮುಟ್ಟಬಾರದು. ಸರಣಿಯಲ್ಲಿ ಹಲವು ಮೆಗಾಓಮ್‌ಗಳ ರೋಧಕ ಹಾಕಿ ವಿದ್ಯುತ್ ಪ್ರವಾಹವನ್ನು ಮಿತಿಯಲ್ಲಿಡಿ, ಒಬ್ಬರೇ ಎಂದೂ ಮಾಡಬೇಡಿ, ಮುಗಿದ ಮೇಲೆ ಭೂಸಂಪರ್ಕದ ಕೋಲಿನಿಂದ ಮುಟ್ಟಿಸಿದ ನಂತರವೇ ಕೈ ಹಾಕಿ.

ಕರೆಂಟು ಹೋಗುವುದು ಇಲ್ಲಿ ನಿಜವಾದ ಶತ್ರು. ಗಾಳಿ ಮಳೆಗೆ ಮರ ಬಿದ್ದು ಲೈನು ಹೋದ ಒಂದು ಸಂಜೆ ನಮ್ಮ ಮಾದರಿ ಇನ್ನೂ 200 ಡಿಗ್ರಿಯ ಮೇಲಿತ್ತು. ವೋಲ್ಟೇಜ್ ಬಿದ್ದುಹೋಗಿ, ಬಿಸಿ ಇರುವಷ್ಟು ಹೊತ್ತು ಸೋಡಿಯಂ ಹಿಂದಕ್ಕೆ ನಡೆದು, ಮರುದಿನ ಅಳೆದಾಗ ನಿರೀಕ್ಷಿಸಿದ ಸಿಗ್ನಲಿನ ಕಾಲು ಭಾಗವೂ ಇರಲಿಲ್ಲ. ಯುಪಿಎಸ್ ಬೇಕಾದದ್ದು ಕುಲುಮೆಗಲ್ಲ, ಅಧಿಕ ವೋಲ್ಟೇಜಿನ ಪೆಟ್ಟಿಗೆಗೆ. ಕುಲುಮೆ ಆರಿದರೆ ಮಾದರಿ ತಣಿಯುತ್ತದೆ, ಅದು ಹೇಗೂ ಆಗಬೇಕಾದದ್ದೇ.

ಅಳೆಯುವಾಗ ಕಿರಣವನ್ನು ಪದರದ ಮೂಲಕ ಹಾಯಿಸಿ, ಮಾದರಿಯನ್ನು ನಿಧಾನವಾಗಿ ಓರೆ ಮಾಡುತ್ತ ಹೋಗಿ. ಹೂತ ಕ್ಷೇತ್ರ ಮೇಲ್ಮೈಗೆ ಲಂಬವಾಗಿರುವುದರಿಂದ ನೇರ ಬಿದ್ದಾಗ ಸಿಗ್ನಲ್ ಸೊನ್ನೆ, ಎಡಕ್ಕೂ ಬಲಕ್ಕೂ ಓರೆ ಮಾಡಿದಂತೆ ಸಮವಾಗಿ ಏರಬೇಕು. ಒಳಬರುವ ಬೆಳಕನ್ನು ಎಸ್ ಧ್ರುವತೆಗೆ ತಿರುಗಿಸಿದಾಗ ಸಿಗ್ನಲ್ ಇಳಿಯಬೇಕು. ಕೋನದ ಲೆಕ್ಕ ಕಳೆದರೆ, ಹೂತ ಕ್ಷೇತ್ರದ ಉದ್ದಕ್ಕೆ ತೂಗುವ ಬೆಳಕಿನ ಮತ್ತು ಅದಕ್ಕೆ ಅಡ್ಡಲಾಗಿ ತೂಗುವ ಬೆಳಕಿನ ಎರಡು ಗುಣಾಂಕಗಳ ಪ್ರಮಾಣ ಸುಮಾರು ಮೂರಕ್ಕೆ ಒಂದು ಬರಬೇಕು, ಸಮರೂಪಿ ಗಾಜಿನ ತೃತೀಯ ಶ್ರೇಣಿಯ ಗುಣ ಅದನ್ನೇ ಹೇಳುತ್ತದೆ. ಸಿಲಿಕಾದಲ್ಲಿ 1064ಕ್ಕೂ 532ಕ್ಕೂ ವಕ್ರೀಭವನಾಂಕದ ವ್ಯತ್ಯಾಸ ಸುಮಾರು 0.011, ಅದರಿಂದ ಸಿಗುವ ಸಂಸಕ್ತಿ ದೂರ (ಹುಟ್ಟಿದ ಹಸಿರು ತಾಳ ತಪ್ಪದೆ ಕೂಡುತ್ತ ಹೋಗುವ ದೂರ) ಸುಮಾರು 24 ಮೈಕ್ರೊಮೀಟರ್. ನಮ್ಮ ಪದರ ಅದಕ್ಕಿಂತ ತೆಳುವಾದ್ದರಿಂದ ಹಂತ ಹೊಂದಾಣಿಕೆಯ ತಲೆನೋವು ಇಲ್ಲಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಮಾದರಿಯನ್ನು ಎರಡು ತುಂಡು ಮಾಡಿ. ಒಂದರ ಧನಾಗ್ರದ ಬದಿಯನ್ನು 20 ಮೈಕ್ರೊಮೀಟರಿನಷ್ಟು ಉಜ್ಜಿ ಮತ್ತೆ ನುಣುಪು ಮಾಡಿ, ಇನ್ನೊಂದನ್ನು ವೋಲ್ಟೇಜ್ ಇಲ್ಲದೆ 300 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ. ಎರಡರಲ್ಲೂ ಹಸಿರು ಖಾಲಿ ಹಿಡಿಕೆಯ ಮಟ್ಟಕ್ಕೆ ಇಳಿಯಬೇಕು. ತುಂಡು ಮಾಡುವ ಮೊದಲು ಋಣಾಗ್ರದ ಬದಿಯ ಮೂಲೆಯಲ್ಲಿ ವಜ್ರದ ಮೊನೆಯಿಂದ ಗೀರು ಹಾಕಿ ಗುರುತು ಮಾಡಿಕೊಳ್ಳಿ, ಏಕೆಂದರೆ ತೊಳೆದು ಒರೆಸಿದ ಗಾಜಿನ ಎರಡು ಮುಖಗಳಲ್ಲಿ ಯಾವುದು ಯಾವುದೆಂದು ಆಮೇಲೆ ಯಾವ ಸೂಕ್ಷ್ಮದರ್ಶಕವೂ ಸುಲಭವಾಗಿ ಹೇಳುವುದಿಲ್ಲ.